ಮಸ್ಕಿಯಲ್ಲಿ ನಿಂತ ಬಂಡಿ

ಡಾಕ್ಟ್ರಮ್ಮ ಹೋದರಂತೆ. ಪಾಮನಕಲ್ಲೂರಿನವನೊಬ್ಬ ಹೈದರಾಬಾದಿನಲ್ಲಿ ರೈಲ್ವೆ ಕೆಲಸದಲ್ಲಿದ್ದಾನೆ. ಊರಿಗೆ ಬಂದವನು ನನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ: "ಮಣ್ಣಿಗೆ ನಾನೂ ಹೋಗಿದ್ದೆಬೇ ಯಮ್ಮಾ. ಭಾಳ ಮಂದಿ ಇರಲಿಲ್ಲ. ಇದ್ದವರಿಗೆ ಲಿಂಗಸುಗೂರು ಅಂದ್ರ ಎಲ್ಲಿ ಐತಿ ಅಂತನೂ ಗೊತ್ತಿರಲಿಲ್ಲ." ಅವನನ್ನು ಈ ಲೋಕಕ್ಕೆ ತಂದ ಕೈ ಅವರದೇ. ಅವನಿಗೆ ಅದು ತಾಯಿ ಹೇಳಿದ ಮಾತು. ಆ ಹೊತ್ತಿನಲ್ಲಿ ದೀಪ ಹಿಡಿದು ಪಕ್ಕದಲ್ಲಿ ನಿಂತವಳು ನಾನು.

ಅವರಿಗೊಂದು ಹೆಸರಿತ್ತು. ಆದರೆ ಲಿಂಗಸುಗೂರು, ಮಸ್ಕಿ, ಸಿಂಧನೂರಿನ ದಾರಿಯುದ್ದಕ್ಕೂ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಎಲ್ಲರಿಗೂ ಡಾಕ್ಟ್ರಮ್ಮ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ಬಗ್ಗೆ ಬರೆದ ಹಾಗಾಗುತ್ತದೆ.

ನಿಜಾಮರ ಕಾಲ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಗಂಡ ತೀರಿಕೊಂಡ ಮೇಲೆ ನಾನು ಲಿಂಗಸುಗೂರಿನ ದವಾಖಾನೆಗೆ ಹೆರಿಗೆ ಮಾಡಿಸುವ ದಾಯಿಯಾಗಿ ಸೇರಿದ್ದೆ. ನಮ್ಮಪ್ಪ ಮನೆಯಲ್ಲೇ ಕನ್ನಡ ಸಾಲಿ ನಡೆಸುತ್ತಿದ್ದ ಮಾಸ್ತರರಾದ್ದರಿಂದ ನನಗೆ ನಾಲ್ಕಕ್ಷರ ಬರುತ್ತಿತ್ತು. ಡಾಕ್ಟ್ರಮ್ಮ ವಾರಂಗಲ್ಲಿನ ಕಡೆಯ ತೆಲುಗು ಕ್ರಿಸ್ತಾನರ ಮನೆತನದವರು. ಎತ್ತರದ ಆಳು. ನಡೆದರೆ ನಾವು ಓಡಬೇಕು. ಸೀರೆಯ ಕೆಳಗೆ ಗಂಡಸರ ಬೂಟು ಹಾಕುತ್ತಿದ್ದರು. "ಎರಿ ಮಣ್ಣಿಗೆ ಚಪ್ಪಲಿ ತಾಳೂದುಲ್ಲ" ಅನ್ನುತ್ತಿದ್ದರು. ಬಂದ ಒಂದು ವರ್ಷದೊಳಗೆ ನಮ್ಮ ಮಾತು ಕಲಿತುಬಿಟ್ಟರು. ಸಿಟ್ಟು ಬಂದಾಗ ಮಾತ್ರ ತೆಲುಗು. "ನೋಡೂಣು ಬಿಡ್ರಿ" ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು ಅವರಿಗೆ. "ಏನ್ ನೋಡ್ತೀ? ಮಾಡ್ತೀಯೋ ಇಲ್ಲೋ ಹೇಳು."

ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ಒಂದು ಸರ್ಕಾರಿ ಬಂಡಿ ನಿಂತಿರುತ್ತಿತ್ತು. ರೋಗಿಗಳನ್ನು ಕರೆತರಲಿಕ್ಕೆಂದು ಕೊಟ್ಟದ್ದು. ಮೇಲೆ ಕ್ಯಾನ್ವಾಸಿನ ಕಮಾನು, ಒಳ್ಳೆಯ ಜೋಡಿ ಎತ್ತು, ಹೊಡೆಯಲು ಹುಸೇನಪ್ಪ ಎಂಬ ಮಸ್ಕಿಯ ಕಡೆಯವನು. ರೋಗಿಗಳು ಅದರಲ್ಲಿ ಬಂದದ್ದು ನಾನು ಕಂಡದ್ದು ಕಡಿಮೆ. ಅಧಿಕಾರಿಗಳ ಮನೆಯ ಹೆಣ್ಣುಮಕ್ಕಳು ಅದರಲ್ಲಿ ದರ್ಗಾಕ್ಕೆ, ಗುಡಿಗೆ, ಬೀಗರ ಮನೆಗೆ ಹೋಗುತ್ತಿದ್ದರು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ.

ಬಿತ್ತಿಗೆಯ ದಿನಗಳಲ್ಲಿ ಒಂದು ಮುಂಜಾನೆ ಪಾಮನಕಲ್ಲೂರಿನ ಆಚೆಯಿಂದ ಒಬ್ಬ ಕುರಿಗಾರ ತುಂಬು ಬಸುರಿ ಹೆಂಡತಿಯನ್ನು ಹೊಲದ ಬಂಡಿಯಲ್ಲಿ ಹಾಕಿಕೊಂಡು ಬಂದ. ಗೇಟಿನ ಒಳಗೆ ಬರುವಾಗ ಅವಳ ಉಸಿರು ನಿಂತಿತ್ತು. ಡಾಕ್ಟ್ರಮ್ಮ ಬಂಡಿಯ ಮೇಲೆಯೇ ಹತ್ತಿ ನೋಡಿ, ಸೆರಗು ಸರಿ ಮಾಡಿ ಇಳಿದರು. ಆ ಗಂಡಸನ್ನು ಕೂರಿಸಿ ನೀರು ಕೊಟ್ಟು ಕೇಳಿದರು:

"ಯಾವಾಗ ಸುರುವಾತು ಬ್ಯಾನಿ?"

"ನಿನ್ನಿ ಹೊತ್ತು ಏರೂದ್ರಾಗರೀ, ಹೊಲದಾಗ. ನಂದು ಒಂದ ಎತ್ತು. ಇನ್ನೊಂದಕ್ಕ ಊರೆಲ್ಲಾ ತಿರುಗೀನಿ. ಬಿತ್ತೂ ದಿನ, ಎತ್ತು ಯಾರು ಬಿಡ್ತಾರ? ಸಿಗೂದ್ರಾಗ ಹೊತ್ತು ಮುಳುಗಿತು."

"ನಮ್ಮ ಬಂಡಿಗೆ ಹೇಳಿ ಕಳಿಸಬೇಕಿತ್ತು."

ಅವನು ಬೇವಿನ ಮರದ ಕೆಳಗಿನ ಬಂಡಿಯನ್ನು ನೋಡಿದ. "ಅದು ನಮಗೂ ಬರ್ತೈತೇನ್ರಿ?" ಎಂದ.

ಅಂದು ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಬಡೇಸೋಪು ಬಾಯಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತು ತಮಗೂ ನನಗೂ ಹೇಳಿದಂತೆ ಹೇಳಿದರು: "ಅಂವ ಹೇಳಿ ಕಳಿಸಿದ್ದನೇ ಅನ್ನು. ಒಬ್ಬ ಅಲ್ಲಿಂದ ಇಲ್ಲಿಗೆ ನಡೀಬೇಕು, ಬಂಡಿ ಇಲ್ಲಿಂದ ಅಲ್ಲಿಗೆ ಹೋಗಬೇಕು, ಮತ್ತ ಇಲ್ಲಿಗೆ ಬರಬೇಕು. ಒಂದ ದಾರಿ ಮೂರು ಸಲ. ಅಷ್ಟರಾಗ ಯಾರು ಉಳೀತಾರ? ನಾಗಮ್ಮ, ಈ ಬಂಡಿ ನಮ್ಮ ಬಾಗಿಲದಾಗ ನಿಂತು ಏನ್ ಮಾಡ್ತದ? ನಮಗೇನು ದಿನಾ ಬ್ಯಾನಿ ಬರ್ತದಾ?"

ಬಂಡಿ ಬೇರೆಲ್ಲಾದರೂ ನಿಲ್ಲಬೇಕು, ಅಷ್ಟು ಖಚಿತವಾಯಿತು. ಎಲ್ಲಿ ಎಂಬುದು ಪ್ರಶ್ನೆ. ಅದನ್ನು ಅವರು ಕಚೇರಿಯಲ್ಲಿ ಕೇಳಲಿಲ್ಲ. ಸಂತೆಯ ದಿನ ನನ್ನನ್ನು ಕರೆದುಕೊಂಡು ಮಸ್ಕಿಗೆ ಹೊರಟರು.

ಸಂತೆಯ ಅಂಚಿನ ಮರದ ನೆರಳಲ್ಲಿ ನೆಲ ಗುಡಿಸಿ, ಸುಣ್ಣದಲ್ಲಿ ಗೆರೆ ಎಳೆದರು. ಇದು ಲಿಂಗಸುಗೂರಿನ ದಾರಿ, ಇದು ಸಿಂಧನೂರಿನದು, ಇದು ಮಸ್ಕಿ ಹಳ್ಳ, ಪಾಮನಕಲ್ಲೂರು ಈ ಕಡೆ, ಜವಳಗೇರಾ ಆ ಕಡೆ. ಬೆಣ್ಣೆ, ತತ್ತಿ, ಕಾಳು ಮಾರಲು ಬಂದ ಹೆಂಗಸರನ್ನು ಕರೆದರು. ಒಂದು ಬುಟ್ಟಿಯಲ್ಲಿ ಹುಣಸೆಬೀಜ ಇಟ್ಟಿದ್ದರು. "ನಿಮ್ಮೂರಾಗ ಹೆರಿಗ್ಯಾಗ, ಹಾವು ಕಡದು, ಬಾವ್ಯಾಗ ಬಿದ್ದು, ದವಾಖಾನಿ ಮುಟ್ಟೂದ್ರಾಗ ಹೋದವರು ಯಾರ್ಯಾರು? ಒಬ್ಬರಿಗೊಂದು ಬೀಜ ನಿಮ್ಮೂರ ಹತ್ರ ಇಡ್ರಿ."

ಮೊದಲು ನಕ್ಕರು, ನಾಚಿದರು. ಆಮೇಲೆ ಒಬ್ಬಳು ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಹೊತ್ತು ಏರುತ್ತ ಬಂದ ಹಾಗೆ ಮಾತು ನಿಂತು, ಬೀಜ ಇಡುವ ಕೈಗಳಷ್ಟೇ ಕಂಡವು. ವಳಕಮದಿನ್ನಿಯ ಮುದುಕಿಯೊಬ್ಬಳು ಎರಡು ಬೀಜ ಇಟ್ಟು ಮೂರನೆಯದನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟಳು.

"ಯಾಕಮ್ಮ?"

"ಇದು ನನ ಮಗಳು. ಮಣ್ಣಾಗ ಒಮ್ಮಿ ಇಟ್ಟು ಬಂದೀನಿ. ಮತ್ತ ಇಡಾಕ ಆಗೂದುಲ್ರೀ."

ಡಾಕ್ಟ್ರಮ್ಮ ಅವಳ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟರು. "ಇಡಬ್ಯಾಡ. ನಿನ್ನ ಕೈಯಾಗ ಇರಲಿ. ನನಗ ತಿಳೀತು."

ಸಂತೆ ಕರಗುವ ಹೊತ್ತಿಗೆ ನೆಲ ತಾನೇ ಮಾತಾಡುತ್ತಿತ್ತು. ಲಿಂಗಸುಗೂರಿನ ಸುತ್ತ ಬೀಜಗಳು ಚದುರಿದ್ದವು. ಮಸ್ಕಿಯ ಆಚೆ, ಹಳ್ಳದ ಆ ದಂಡೆಯ ಊರುಗಳಲ್ಲಿ ಗುಂಪು ಗುಂಪಾಗಿ ಬಿದ್ದಿದ್ದವು. ಆ ಕಡೆಯಿಂದ ಯಾವ ಊರಿನವರು ಬಂದರೂ ಮಸ್ಕಿಯನ್ನು ಹಾದೇ ಬರಬೇಕು. ಅವರು ಬೂಟಿನ ತುದಿಯಿಂದ ಅಲ್ಲೊಂದು ಗುರುತು ಮಾಡಿದರು.

ಮರುದಿನ ತಹಸೀಲ್ದಾರ ಸಾಹೇಬರ ಕಚೇರಿ. ಸಾಹೇಬರು ಕೆಟ್ಟವರಲ್ಲ, ಮಾತು ಮೃದು, ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ಡಾಕ್ಟರ್ ಸಾಹಿಬಾ, ಸರ್ಕಾರಿ ಚೀಜು ಸರ್ಕಾರದ ಕಣ್ಣ ಮುಂದ ಇರಬೇಕು. ಮಸ್ಕಿಯಾಗ ಅದನ್ನ ನೋಡೋರು ಯಾರು?"

"ನೋಡಲಿಕ್ಕೆ ಇಟ್ಟದ್ದಾದ್ರ ಗಾಲಿ ಯಾಕ ಹಚ್ಚೀರಿ ಸಾಹೇಬ್ರ?"

ಸಾಹೇಬರು ಚಹಾದ ಬಟ್ಟಲು ಕೆಳಗಿಟ್ಟರು. "ರಾಯಚೂರಿಂದ ಹುಕುಂ ಬರಲಿ."

"ಬರಲಿ. ಅಲ್ಲೀತನಕ ಬಂಡಿ ಮಸ್ಕಿಯಾಗ ಇರ್ತದ. ಬ್ಯಾಡ ಅಂತ ಹುಕುಂ ಬಂದ್ರ ನಾನೇ ಹೊಡಕೊಂಡು ಬರ್ತೀನಿ."

ಬೇಕು ಎಂಬ ಹುಕುಮೂ ಬರಲಿಲ್ಲ, ಬೇಡ ಎಂಬ ಹುಕುಮೂ ಬರಲಿಲ್ಲ. ಸಾಹೇಬರ ಮನೆಯವರು ಆಮೇಲೆ ಬಹಳ ದಿನ ನಮ್ಮ ಜೊತೆ ಮಾತಾಡಲಿಲ್ಲ.

ಬಂಡಿ ಮಸ್ಕಿಗೆ ಹೋದ ದಿನ ಡಾಕ್ಟ್ರಮ್ಮ ಒಂದು ವಿಚಿತ್ರ ಮಾಡಿದರು. ಅಲ್ಲಿಂದ ವಾಪಸು ಲಿಂಗಸುಗೂರಿಗೆ ಅದೇ ಬಂಡಿಯಲ್ಲಿ, ರೋಗಿಯ ಹಾಗೆ ಅಂಗಾತ ಮಲಗಿ ಬರುತ್ತೇನೆ ಎಂದರು. "ಹುಸೇನಪ್ಪ, ಒಳಗ ಇರೂದು ಬಸುರಿ ಅಂತ ತಿಳಿ. ಅಕಿ ಸಾಯಾಕತ್ತಾಳ. ಹೆಂಗ ಹೊಡೀತಿಯೋ ಹಂಗ ಹೊಡಿ." ಹುಸೇನಪ್ಪ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಎತ್ತುಗಳ ಮುಖ ನೋಡಿದ, ಹೊಡೆದ. ಎರೆ ನೆಲದ ಒಣಗಿದ ಗಾಲಿಜಾಡು, ನಡುಮಧ್ಯಾಹ್ನದ ಬಿಸಿಲು. ನಾನು ಕಮಾನು ಹಿಡಿದು ಕೂತಿದ್ದೆ. ಅವರ ತಲೆ ಹಲಗೆಗೆ ಬಡಿದ ಸದ್ದು ಕೇಳುತ್ತಿತ್ತು. ನಿಲ್ಲಿಸು ಎನ್ನಲಿಲ್ಲ. ದವಾಖಾನೆ ಮುಟ್ಟಿದಾಗ ಇಳಿದು, ಬೇವಿನ ಮರಕ್ಕೆ ಕೈ ಕೊಟ್ಟು ವಾಂತಿ ಮಾಡಿಕೊಂಡರು. ಬಾಯಿ ತೊಳೆದು ಮೊದಲು ಆಡಿದ ಮಾತು: "ಹಗ್ಗ ತರ್ರಿ. ಒಂದು ಹೊರಸು ತರ್ರಿ."

ಬಂಡಿಯ ಕಮಾನಿನ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಹೊರಸನ್ನು, ಆ ಹಗ್ಗದ ಮಂಚವನ್ನು, ಒಳಗೆ ತೂಗುಹಾಕಿಸಿದರು. ಕೆಳಗೆ ಜೋಳದ ಸೊಪ್ಪೆಯ ಹಾಸು. ಗಾಲಿ ಎಷ್ಟು ಕುಣಿದರೂ ಹೊರಸು ತೊಟ್ಟಿಲ ಹಾಗೆ ತೂಗುತ್ತಿತ್ತೇ ಹೊರತು ಬಡಿಯುತ್ತಿರಲಿಲ್ಲ. ಮತ್ತೊಮ್ಮೆ ತಾವೇ ಮಲಗಿ ಹೋಗಿ ಬಂದು, ಆಮೇಲೆಯೇ ಒಪ್ಪಿದರು. ಜನ ಅದಕ್ಕೆ ತೊಟ್ಟಿಲ ಬಂಡಿ ಎಂದು ಹೆಸರಿಟ್ಟರು.

ಮಸ್ಕಿಯೇನೋ ಆಯಿತು, ಮಸ್ಕಿಯಲ್ಲಿ ಎಲ್ಲಿ? ಅಲ್ಲಿಯ ಗೌಡರು ತಾವಾಗಿ ಮುಂದೆ ಬಂದರು. "ನಮ್ಮ ವಾಡೇದಾಗ ನಿಲ್ಲಿಸ್ರಿ ಅಮ್ಮಾರ. ಕೊಟ್ಟಿಗಿ ಐತಿ, ಮೇವು ಐತಿ, ಆಳು ಅದಾರ."

"ನಿಮ್ಮದು ದೊಡ್ಡ ಮನಸು ಗೌಡ್ರ. ಊರ ಹೊರಗಿನ ಕೇರಿಯವರು ಬಂದು ನಿಮ್ಮ ಬಾಗಿಲ ಬಡೀಬಹುದಾ?"

ಗೌಡರು ರುಮಾಲು ಸರಿಮಾಡಿಕೊಂಡು ಹೇಳಿದರು: "ಹೊರಗ ನಿಂತು ಕೂಗ್ಲಿ. ಆಳು ಬಂದು ಕೇಳ್ತಾನ."

"ಆಳು ಕೇಳಿ ನಿಮಗ ಹೇಳೂದು, ನೀವು ಹುಸೇನಪ್ಪಗ ಹೇಳೂದು. ಅಷ್ಟು ಹೊತ್ತು ಇರೂದುಲ್ರಿ ಅವರ ಕಡೆ."

ಹಳ್ಳದ ಹತ್ತಿರ, ದಾರಿಯ ಪಕ್ಕದಲ್ಲಿ ಟಪಾಲು ಟಾಂಗಾದ ಕುದುರೆ ಬದಲಿಸುವ ಚಪ್ಪರವಿತ್ತು. ಯಾರ ಮನೆಯ ಅಂಗಳವೂ ಅಲ್ಲ, ಯಾರಾದರೂ ನಿಂತು ಕೂಗಬಹುದಾದ ಜಾಗ. ಬಂಡಿ ಅಲ್ಲಿ ನಿಂತಿತು. ಗೌಡರು ಮುಖ ಗಂಟು ಹಾಕಿಕೊಂಡು ಹೋದರು, ಆದರೆ ಎತ್ತುಗಳಿಗೆ ಮೇವು ಮಾತ್ರ ಕಳಿಸಿದರು. ಮಳೆಗಾಲದಲ್ಲಿ ಹಳ್ಳ ಬರುವ ಮೊದಲೇ ಬಂಡಿ ಆಚೆ ದಂಡೆಗೆ ದಾಟಿರಬೇಕು ಎಂದು ಡಾಕ್ಟ್ರಮ್ಮ ಕಟ್ಟುಮಾಡಿದರು. ಈಚೆಯವರಿಗೆ ಟಪಾಲು ಟಾಂಗಾವಾದರೂ ಸಿಕ್ಕೀತು, ಆಚೆಯವರಿಗೆ ಏನೂ ಇಲ್ಲ. ಹಳ್ಳ ತುಂಬಿ ಹರಿದರೆ ಲಿಂಗಸುಗೂರಿನ ಆಸೆ ಬಿಟ್ಟು ಸಿಂಧನೂರಿನ ಸಣ್ಣ ದವಾಖಾನೆಗೆ ಹೊಡೆಯಬೇಕು. ಹುಸೇನಪ್ಪ ಒಮ್ಮೆ ಅಳುಕುತ್ತ ಕೇಳಿದ: "ಯಾರ ಬಂದ್ರೂ ಹತ್ತಿಸಿಕೊಳ್ಳೂದಾರೀ? ನಮ್ಮ ಓಣ್ಯಾಗ ಮಾತಾಡ್ತಾರ."

"ಮಾತಾಡೋರ ಮನೆಯವರು ಹತ್ತಿದಾಗ ನೀ ಏನೂ ಮಾತಾಡಬ್ಯಾಡ. ಆತು?" ಎಂದರು.

ಅವನು ನಕ್ಕ. ಅವತ್ತಿನಿಂದ ಅವನೂ ಅವರ ಮನುಷ್ಯನಾದ.

ಬಂಡಿ ಓಡತೊಡಗಿತು. ಬರುವಾಗ ತಣ್ಣಗಾಗಿ ಬರುತ್ತಿದ್ದವರು ಕೂಗಿಕೊಳ್ಳುತ್ತ ಬರತೊಡಗಿದರು. ಆ ಕೂಗು ಕೇಳಿದರೆ ಡಾಕ್ಟ್ರಮ್ಮನ ಮುಖ ಅರಳುತ್ತಿತ್ತು. "ಜೀವ ಅದ, ಜೀವ ಅದ" ಅನ್ನುತ್ತ ಕುಪ್ಪಸದ ತೋಳು ಮಡಚಿಕೊಂಡು ಓಡುತ್ತಿದ್ದರು.

ಹಾಗಿದ್ದಾಗ ನನ್ನ ಅಕ್ಕನ ಸರದಿ ಬಂತು.

ಅಕ್ಕನನ್ನು ಕೊಟ್ಟದ್ದು ಮುದಗಲ್ಲಿನ ದಾರಿಯ ಒಂದು ಹಳ್ಳಿಗೆ. ಮಸ್ಕಿಗೆ ಪೂರಾ ವಿರುದ್ಧ ದಿಕ್ಕು. ಕೂಸು ಅಡ್ಡವಾಗಿತ್ತು. ಭಾವ ಬಂಡಿ ಹುಡುಕಿ, ಎತ್ತು ಹುಡುಕಿ, ಕರೆತರುವಷ್ಟರಲ್ಲಿ ಒಂದು ಇಡೀ ಹಗಲು ಹೋಗಿತ್ತು. ಡಾಕ್ಟ್ರಮ್ಮ ಅಕ್ಕನನ್ನು ಉಳಿಸಿದರು. ಕೂಸು ಉಳಿಯಲಿಲ್ಲ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು ಅದು. ಇನ್ನು ಮುಂದೆ ಆಗುವುದಿಲ್ಲ ಎಂಬುದು ಡಾಕ್ಟ್ರಮ್ಮನಿಗೂ ನನಗೂ ಗೊತ್ತಾಗಿತ್ತು.

ಅವರು ಕೈ ತೊಳೆಯುತ್ತಿದ್ದರು. ನಾನು ನೀರು ಹಾಕುತ್ತಿದ್ದೆ. ಬಾಯಿಂದ ಮಾತು ತಾನೇ ಬಂತು.

"ಅಮ್ಮಾರ, ಬಂಡಿ ಇಲ್ಲೇ ಇದ್ದಿದ್ರ?"

ಅವರು ಮುಖ ಎತ್ತಿ ನನ್ನನ್ನೇ ನೋಡಿದರು. "ಇಲ್ಲೇ ಇದ್ದಿದ್ರ ಕೂಸು ಉಳೀತಿತ್ತು ನಾಗಮ್ಮ. ನಿನಗ ಸುಳ್ಳು ಹೇಳೂದುಲ್ಲ."

"ಮತ್ತ?"

"ಮತ್ತ ಬಂಡಿ ಮಸ್ಕಿಯಾಗ ಇರ್ತದ."

ನಾನು ತಂಬಿಗೆ ಅಲ್ಲೇ ಇಟ್ಟು ಹೊರಗೆ ಹೋದೆ. ಅವರ ಮಾತಿಗಿಂತ ಅವರ ದನಿ ಒಂಚೂರೂ ನಡುಗದಿದ್ದದ್ದು ನನ್ನನ್ನು ಸುಟ್ಟಿತು. ಆದರೆ ಅಂದು ಸಂಜೆ ಅಕ್ಕನ ಹಾಸಿಗೆಯ ಹತ್ತಿರ ಹೋದಾಗ ನೋಡಿದೆ. ಡಾಕ್ಟ್ರಮ್ಮ ನೆಲದ ಮೇಲೆ ಕೂತಿದ್ದರು. ಅಕ್ಕನ ಕೈ ತಮ್ಮ ಮಡಿಲಲ್ಲಿಟ್ಟುಕೊಂಡು ಗೋಡೆಗೆ ತಲೆ ಆನಿಸಿದ್ದರು. ಕಣ್ಣಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಒರೆಸಿಕೊಳ್ಳುತ್ತಿರಲಿಲ್ಲ. ನಾನು ಒಳಗೆ ಹೋಗದೆ ಹಿಂದೆ ಸರಿದೆ.

ಊರಿಗೆ ಇದೇ ಬೇಕಾಗಿತ್ತು. ಅಕ್ಕ ಎದ್ದು ನಮ್ಮ ಮನೆಗೆ ಬಂದ ಮೇಲೆ ಅರಿವೆ ಅಂಗಡಿಯ ಸಾಹುಕಾರರು ನಾಲ್ಕು ಮಂದಿ ದೊಡ್ಡವರ ಜೊತೆ ನಮ್ಮ ಕಟ್ಟೆಗೆ ಬಂದರು. ಬಂಡಿ ಲಿಂಗಸುಗೂರಿಗೆ ವಾಪಸು ಬರಬೇಕು ಎಂದು ರಾಯಚೂರಿಗೆ ಅರ್ಜಿ ಬರೆಸಿದ್ದರು.

"ನಿಮ್ಮ ಅಕ್ಕಗ ಆದದ್ದು ನಾಳೆ ನಮ್ಮ ಸೊಸೆಗೆ ಆಗಬಾರದಲ್ಲಾ ನಾಗಮ್ಮ? ದವಾಖಾನಿಯಾಕಿ ನೀನ ಸಹಿ ಹಾಕಿದ್ರ ತೂಕ ಬರ್ತದ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರ ಹೆದರಿಕೆಯೂ ನಿಜ. ಒಳಗೆ ಮಲಗಿದ್ದ ಅಕ್ಕ ಗೋಡೆ ಹಿಡಿದು ಬಾಗಿಲತನಕ ಬಂದಳು. ಬಿಳುಚಿದ ಮುಖ, ದನಿಯಲ್ಲಿ ಶಕ್ತಿ ಇಲ್ಲ.

"ಯಣ್ಣಾರ, ಇಲ್ಲಿಗೆ ತರ್ರಿ ಅಂತ ಬರದ್ರ ಅಲ್ಲಿ ಯಾವಾಕಿಯೋ ಒಬ್ಬಾಕಿ ನನ್ನಂಗ ಆಕ್ಕಾಳ. ಹಂಗ ಬರೀಬ್ಯಾಡ್ರಿ. ನಮಗೂ ಒಂದು ಬಂಡಿ ಕೊಡ್ರಿ ಅಂತ ಬರೀರಿ."

ನಾನು ಹೇಳಿದೆ: "ಅಕ್ಕ ಅಂದಂಗ ಬರಸ್ರಿ. ಎಲ್ಲರಕಿಂತ ಮೊದಲ ಸಹಿ ನಂದ. ಇಲ್ಲಾಂದ್ರ ಇಲ್ಲ."

ಸಾಹುಕಾರರು ಕಾಗದ ಮಡಚಿಕೊಂಡು ಎದ್ದರು. ಎರಡು ದಿನದ ಮೇಲೆ ಬೇರೆ ಅರ್ಜಿ ತಂದರು. ಎರಡನೆಯ ಬಂಡಿ ಕೇಳಿ ಬರೆಸಿದ್ದು. ನಾನು ಸಹಿ ಹಾಕಿದೆ, ಅಕ್ಕ ಹೆಬ್ಬೆಟ್ಟು ಒತ್ತಿದಳು. ಸರ್ಕಾರದಿಂದ ಬಂದ ಉತ್ತರ: ಯುದ್ಧದ ಕಾಲ, ಕಬ್ಬಿಣವಿಲ್ಲ, ಆಮೇಲೆ ನೋಡೋಣ.

ನೋಡೋಣ ಎಂಬ ಮಾತು ಓದಿ ಡಾಕ್ಟ್ರಮ್ಮ ತೆಲುಗಿನಲ್ಲಿ ಏನೇನೋ ಅಂದರು. ಆಮೇಲೆ ನನ್ನನ್ನು ಕೇಳಿದರು: "ನಿಮ್ಮ ಅಕ್ಕ ಖರೇನ ಹಂಗಂದ್ಲಾ?" ಹೌದೆಂದೆ. ಕಾಗದ ಮಡಚಿಟ್ಟು ಎದ್ದು ಹೊರಗೆ ಹೋದರು.

ಅವರಿಗೊಂದು ಸ್ವಂತ ಟಾಂಗಾ ಇತ್ತು. ಕಂದು ಬಣ್ಣದ ಹೆಣ್ಣುಕುದುರೆ. ಮನೆಯಿಂದ ದವಾಖಾನೆಗೆ, ಹಳ್ಳಿಗಳ ತಪಾಸಣೆಗೆ ಅದರಲ್ಲೇ ಓಡಾಟ. ಅವರು ಇಟ್ಟುಕೊಂಡಿದ್ದ ಸುಖ ಅದೊಂದೇ. ಮರುದಿನ ಆ ಟಾಂಗಾ ದವಾಖಾನೆಯ ಗೇಟಿನಲ್ಲಿ ನಿಂತಿತ್ತು. ಹಿಂದಿನ ಸೀಟು ಕಿತ್ತು ಉದ್ದಕ್ಕೆ ಹಲಗೆ ಹಾಕಿ ಗಾದಿ ಹಾಸಿತ್ತು. ಲಿಂಗಸುಗೂರಿಗೂ ಮುದಗಲ್ಲಿನ ದಾರಿಗೂ ಇನ್ನು ಇದು ಎಂದರು. ಅವರು ನಡೆದು ಬಂದಿದ್ದರು. ಮುಂದೆ ಲಿಂಗಸುಗೂರಿನಲ್ಲಿ ಇದ್ದಷ್ಟೂ ದಿನ ನಡೆದೇ ಓಡಾಡಿದರು. ಬಿಸಿಲಿಗೆ ಕರಿ ಛತ್ರಿ, ಮಳೆಗೆ ಅದೇ ಛತ್ರಿ. ಸರ್ಕಾರಿ ಡಾಕ್ಟರು ಕೂಲಿಯವರ ಹಾಗೆ ನಡೆಯುವುದು ಇಲಾಖೆಗೆ ಶೋಭೆಯಲ್ಲ ಎಂದು ತಹಸೀಲ್ದಾರ ಸಾಹೇಬರು ಹೇಳಿಕಳಿಸಿದರಂತೆ. "ಕಾಲು ನನ್ನವು ಅಂತ ಹೇಳು" ಎಂದು ಡಾಕ್ಟ್ರಮ್ಮ ತಿರುಗಿ ಹೇಳಿಕಳಿಸಿದರು. ಅಕ್ಕ ಆಮೇಲೆ ಹಬ್ಬಕ್ಕೊಮ್ಮೆ ಅವರಿಗೆ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಿದ್ದಳು. ಅವರು ನಿಂತಲ್ಲೇ ತಿನ್ನುತ್ತಿದ್ದರು.

ಯುದ್ಧ ಮುಗಿದ ಮೇಲೆ ಅವರಿಗೆ ಬದ್ಲಿಯಾಯಿತು. ಹೊರಡುವ ದಿನ ಅಳುವವರನ್ನು ಕಂಡು ಅವರಿಗೆ ಸಿಟ್ಟು ಬಂತು. "ಅಳೂದು ಬಿಟ್ಟು ವಾರ್ಡ್ ಗುಡಸ್ರಿ" ಎಂದರು. ಟಾಂಗಾ, ಕುದುರೆ ಎರಡನ್ನೂ ದವಾಖಾನೆಗೇ ಬಿಟ್ಟರು. ನನಗೆ ಬುದ್ಧಿ ಹೇಳಲಿಲ್ಲ, ಜವಾಬ್ದಾರಿ ಒಪ್ಪಿಸಲೂ ಇಲ್ಲ. ಬಸ್ಸು ಹತ್ತುವಾಗ ಬೂಟಿಗೆ ಮೆತ್ತಿದ ಎರೆ ಮಣ್ಣನ್ನು ಮೆಟ್ಟಿಲಿಗೆ ತಿಕ್ಕಿ ಒಳಗೆ ಹೋದರು. ಅಷ್ಟೇ. ಮತ್ತೆ ನಾನು ಅವರನ್ನು ನೋಡಲಿಲ್ಲ.

ಹೊಸದಾಗಿ ಬಂದ ಡಾಕ್ಟರು ಎಳೆಯ ವಯಸ್ಸಿನವರು, ಒಳ್ಳೆಯವರು. ಬಂದ ವಾರವೇ ಬಂಡಿ ಯಾಕೆ ಇಲ್ಲಿಲ್ಲ ಎಂದು ಕೇಳಿ, ಮಸ್ಕಿಯಿಂದ ತರಿಸಲು ಹೇಳಿದರು. ನಾನು ಅವರ ಮೇಜಿನ ಮುಂದೆ ಹೋಗಿ ನಿಂತೆ. ಡಾಕ್ಟ್ರಮ್ಮನಷ್ಟು ಎತ್ತರ ನನಗಿಲ್ಲ. ಮಾತಿನ ಚಾಕಚಕ್ಯವೂ ಇಲ್ಲ.

"ಸಾಹೇಬ್ರ, ಬಂಡಿ ತರಿಸೂದಾದ್ರ ನನ್ನ ಹೆಸರು ಹೊಡದು ಹಾಕ್ರಿ. ಇಲ್ಲಾಂದ್ರ ನನ್ನನ್ನ ಮಸ್ಕಿಗೆ ಕಳಿಸ್ರಿ. ಆ ಕಡೆ ಒಬ್ಬಾಕಿ ದಾಯಿ ಇಲ್ಲ. ಬಂಡಿಗೆ ಏನರ ಆದ್ರ ನಾ ಜಾಮೀನು."

ಅವರು ಲೇಖಣಿ ತಿರುವುತ್ತ ಕೂತರು. ಆ ಹಳ್ಳಿಗೆ ಯಾರು ತಾವಾಗಿ ಹೋಗುತ್ತಾರೆ ಎಂದು ಯೋಚಿಸಿರಬೇಕು. "ನಿನ್ನ ಇಷ್ಟ" ಎಂದರು.

ಕುದುರೆ ಚಪ್ಪರದ ಅರ್ಧ ಭಾಗಕ್ಕೆ ತಟ್ಟಿ ಕಟ್ಟಿಸಿ, ಸುಣ್ಣ ಹೊಡೆಸಿ, ಹೆರಿಗೆಯ ಸಾಮಾನು ಜೋಡಿಸಿದೆ. ಅಕ್ಕನೂ ಭಾವನ ಒಪ್ಪಿಗೆ ಪಡೆದು ಕೆಲವು ದಿನ ಬಂದು ನನ್ನ ಜೊತೆ ಇದ್ದಳು. ಒಂದು ಮಧ್ಯಾಹ್ನ ನಾನು ನೀರು ಕಾಯಿಸಿ ಬಟ್ಟೆ ಕುದಿಸುತ್ತಿದ್ದೆ. ಹಳ್ಳದ ಮರಳಿನ ಮೇಲೆ ಒಬ್ಬ ಗಂಡಸು ಓಡಿ ಬರುತ್ತಿರುವುದು ಕಂಡಿತು. ಚಪ್ಪರದಿಂದ ಎಷ್ಟೋ ದೂರ ಇರುವಾಗಲೇ ನಿಂತುಬಿಟ್ಟ. ತಲೆಯ ರುಮಾಲು ತೆಗೆದು ಬಗಲಲ್ಲಿ ಇಟ್ಟುಕೊಂಡು, ಮುಂದೆ ಬರಬಹುದೋ ಇಲ್ಲವೋ ಎಂದು ನೋಡುತ್ತ ಏದುಸಿರು ಬಿಡುತ್ತಿದ್ದ.

"ಯವ್ವಾರ, ನಾವು ಕೇರಿ ಮಂದಿರೀ. ನಮ್ಮ ಹೆಣ್ಣಮಗಳು..."

ನಾನು ಸಾಮಾನಿನ ಗಂಟು ಎತ್ತಿಕೊಂಡೆ. ಹುಸೇನಪ್ಪ ನನ್ನನ್ನು ಕೇಳಲಿಲ್ಲ. ನಾನು ತಿರುಗುವಷ್ಟರಲ್ಲಿ ಎತ್ತಿನ ಕೊರಳಿಗೆ ನೊಗ ಏರಿಸಿಯಾಗಿತ್ತು.

"ಹತ್ತೋ ಯಪ್ಪಾ ಮೊದಲು" ಎಂದೆ. "ಉಳದದ್ದು ದಾರ್‍ಯಾಗ ಹೇಳು."